ಪಾದ್ರಿ ಇಟ್ಟ ಹೆಸರು, ಸಿಪಾಯಿ ಕರೆದ ಹೆಸರು

ಮೊದಲ ದಿನ: ಸ್ಯಾನ್ ಡಿಯಾಗೊ

ಮೂವತ್ತೊಂದು ವರ್ಷ ನಾನು ರೈಲ್ವೆ ಅಂಚೆಯಲ್ಲಿ ದುಡಿದವನು. ಓಡುವ ರೈಲಿನ ಅಂಚೆ ಬೋಗಿಯಲ್ಲಿ ರಾತ್ರಿಯಿಡೀ ನಿಂತು ಕಾಗದಗಳನ್ನು ಊರೂರಿನ ಗೂಡಿಗೆ ಹಾಕುವುದು ನನ್ನ ಕೆಲಸವಾಗಿತ್ತು. ಕಾಗದದೊಳಗೆ ಸಾವಿನ ಸುದ್ದಿಯಿದೆಯೋ ಮದುವೆಯ ಕರೆಯಿದೆಯೋ ನಮಗೆ ತಿಳಿಯುತ್ತಿರಲಿಲ್ಲ. ನಾವು ಓದುತ್ತಿದ್ದುದು ಊರಿನ ಹೆಸರೊಂದನ್ನೇ. ಬಾಣಾವರ, ಕಡೂರು, ಬೀರೂರು, ತರೀಕೆರೆ ಎಂದು ಬಾಯಲ್ಲೇ ಹೇಳಿಕೊಳ್ಳುತ್ತಿದ್ದರೆ ಕೈ ತಾನಾಗಿ ಆಯಾ ಗೂಡಿಗೆ ಹೋಗುತ್ತಿತ್ತು. ಒಂದು ಹೆಸರಿನ ಅರ್ಥ ತಿಳಿಯದಿದ್ದರೆ ನನಗೆ ನಿದ್ದೆ ಬರುತ್ತಿರಲಿಲ್ಲ. ಅರಸೀಕೆರೆಯಲ್ಲಿ ನನ್ನ ಜೊತೆ ಕೆಲಸ ಮಾಡಿದ ಗೆಳೆಯರಿಗೂ ಇದೇ ಹುಚ್ಚು.

ಮಗಳು ಕ್ಯಾಲಿಫೋರ್ನಿಯಾದಲ್ಲಿ ನೆಲೆಸಿದ ಮೇಲೆ ಲಕೋಟೆಯ ಮೇಲೆ ‘ಕ್ಯುಪರ್ಟಿನೊ’ ಎಂದು ಬರೆದು ಪ್ರತಿಸಲವೂ ಒಂದು ಗಳಿಗೆ ಸುಮ್ಮನೆ ಕೂರುತ್ತಿದ್ದೆ. ಹಾಗೆಂದರೇನು ಎಂದು ಫೋನಿನಲ್ಲಿ ಕೇಳಿದರೆ, “ಊರಿನ ಹೆಸರು ಅಪ್ಪ, ಅಷ್ಟೇ” ಎನ್ನುತ್ತಿದ್ದಳು. ಅಷ್ಟೇ ಎಂಬ ಊರಿನ ಹೆಸರನ್ನು ನಾನು ಇದುವರೆಗೆ ಕಂಡಿಲ್ಲ. ಈ ಅಕ್ಟೋಬರಿನಲ್ಲಿ ಅವಳ ಮನೆಗೆ ಬಂದಾಗ ಅವಳೇ ಒಂದು ವಾರ ರಜೆ ಹಾಕಿದಳು. ವಿಮಾನದಲ್ಲಿ ತೆಂಕಣ ತುದಿಯ ಸ್ಯಾನ್ ಡಿಯಾಗೊಗೆ ಹೋಗುವುದು, ಅಲ್ಲಿಂದ ಬಾಡಿಗೆ ಕಾರಿನಲ್ಲಿ ಊರೂರಿನ ಹೆಸರು ಓದುತ್ತ ಮನೆಗೆ ಬರುವುದು, ದಾರಿಯ ಒಂದೊಂದು ಊರಿನಿಂದ ಅರಸೀಕೆರೆಯ ಗೆಳೆಯರಿಗೆ ಒಂದೊಂದು ಚಿತ್ರದ ಕಾರ್ಡು ಹಾಕುವುದು ಎಂದು ನಿಶ್ಚಯವಾಯಿತು.

ಬೆಳಿಗ್ಗೆ ಪಾಯಿಂಟ್ ಲೋಮಾ ಎಂಬ ಭೂಶಿರದ ಮೇಲೆ ನಿಂತೆವು. ಲೋಮಾ ಎಂದರೆ ಗುಡ್ಡ. ಕೆಳಗೆ ಕೊಲ್ಲಿ ತಟ್ಟೆಯ ನೀರಿನಂತೆ ನಿಶ್ಚಲವಾಗಿತ್ತು. 1542ರ ಸೆಪ್ಟೆಂಬರ್ 28ರಂದು ಹುವಾನ್ ರೋಡ್ರಿಗೆಸ್ ಕಬ್ರಿಯೊ ಎಂಬ ನಾವಿಕ ಸ್ಪೇನಿನ ಪರವಾಗಿ ಇಲ್ಲಿಗೆ ಬಂದ. ಮರುದಿನ ಸಂತ ಮೈಕೇಲನ ಹಬ್ಬವಿದ್ದುದರಿಂದ ಕೊಲ್ಲಿಗೆ ಸ್ಯಾನ್ ಮಿಗೆಲ್ ಎಂದು ಹೆಸರಿಟ್ಟ. ಅರವತ್ತು ವರ್ಷ ಕಳೆದು, 1602ರ ನವೆಂಬರಿನಲ್ಲಿ ಸೆಬಾಸ್ಟಿಯನ್ ವಿಸ್ಕೈನೊ ಬಂದ. ಅವನ ಹಡಗಿನ ಹೆಸರೇ ಸ್ಯಾನ್ ಡಿಯಾಗೊ. ಅಲ್ಕಲಾದ ಸಂತ ಡಿಯಾಗೊನ ಹಬ್ಬ ನವೆಂಬರ್ 12ಕ್ಕೆ. ಹಳೆಯ ಹೆಸರು ಹೋಗಿ ಸ್ಯಾನ್ ಡಿಯಾಗೊ ನಿಂತಿತು.

ಅಲ್ಲಿಂದ ಮುಂದಕ್ಕೆ ವಿಸ್ಕೈನೊ ಸಾಗಿದ ಬಗೆಯನ್ನು ಭೂಪಟದಲ್ಲಿ ಬೆರಳಿಟ್ಟು ನೋಡಿದೆ. ನವೆಂಬರ್ 25 ಸಂತ ಕ್ಯಾಥರೀನಳ ದಿನ. ಆ ಹೊತ್ತಿಗೆ ಕಂಡ ದ್ವೀಪ ಸಾಂಟಾ ಕ್ಯಾಟಲಿನಾ. 26 ಅಲೆಕ್ಸಾಂಡ್ರಿಯಾದ ಸಂತ ಪೀಟರನ ದಿನ. ಕೊಲ್ಲಿ ಸ್ಯಾನ್ ಪೆಡ್ರೊ ಆಯಿತು. ಡಿಸೆಂಬರ್ 4 ಸಂತ ಬಾರ್ಬರಾಳದು, ಆ ಹೊತ್ತಿಗೆ ಸಿಕ್ಕ ಕಡಲ ಕಾಲುವೆ ಸಾಂಟಾ ಬಾರ್ಬರಾ. 1603ರ ಜನವರಿಯ ಮೊದಲ ದಿನಗಳಲ್ಲಿ ಎದುರಾದ ಭೂಶಿರಕ್ಕೆ ಆನ್ಯೊ ನುಯೆವೊ ಎಂದರೆ ಹೊಸ ವರ್ಷ. ನಮ್ಮಲ್ಲಿ ಪಂಚಾಂಗ ತೆರೆದು ಹುಟ್ಟಿದ ನಕ್ಷತ್ರ ನೋಡಿ ಮಗುವಿಗೆ ಹೆಸರಿನ ಅಕ್ಷರ ಹೇಳುತ್ತಾರಲ್ಲ, ಹಾಗೆಯೇ ಇದು. ಎಂಟು ವಾರಗಳ ಪಂಚಾಂಗವನ್ನು ಕಡಲಂಚಿಗೆ ಉದ್ದಕ್ಕೂ ಅಂಟಿಸಿದ್ದಾರೆ. ಅದು ನಾಲ್ಕು ಶತಮಾನಗಳಿಂದ ಕಿತ್ತುಬಂದಿಲ್ಲ.

ಮಧ್ಯಾಹ್ನ ಹಳೆಯ ಊರಿನ ಮೇಲಿರುವ ಪ್ರೆಸಿಡಿಯೊ ಗುಡ್ಡ ಹತ್ತಿದೆವು. ಪ್ರೆಸಿಡಿಯೊ ಎಂದರೆ ಸಿಪಾಯಿಗಳ ಠಾಣ್ಯ. ಮಿಷನ್ ಎಂದರೆ ಮೂಲನಿವಾಸಿಗಳನ್ನು ಕ್ರೈಸ್ತರಾಗಿಸಲು ಪಾದ್ರಿಗಳು ಕಟ್ಟಿದ ನೆಲೆ. 1769ರ ಜುಲೈ 16ರಂದು ಫ್ರಾನ್ಸಿಸ್ಕನ್ ಪಾದ್ರಿ ಹುನಿಪೆರೊ ಸೆರ್ರಾ ಇಲ್ಲಿ ಶಿಲುಬೆ ನೆಟ್ಟು ಕ್ಯಾಲಿಫೋರ್ನಿಯಾದ 21 ಮಿಷನ್‌ಗಳಲ್ಲಿ ಮೊದಲನೆಯದನ್ನು ಆರಂಭಿಸಿದರು. ಐದು ವರ್ಷಗಳ ನಂತರ ಅದು ಒಳನಾಡಿಗೆ ಸರಿಯಿತು. 1775ರಲ್ಲಿ ಈ ನೆಲದ ಕುಮೆಯಾಯ್ ಜನ ಅದಕ್ಕೆ ಬೆಂಕಿಯಿಟ್ಟರು. ಗುಡ್ಡದ ತಪ್ಪಲಿನಲ್ಲಿ ಅವರ ಹಳ್ಳಿಯಿತ್ತು. ಅದರ ಹೆಸರು ಕೊಸೊಯ್. ಇಂದಿನ ಕಾರ್ಡಿನ ಮೇಲೆ ಸ್ಯಾನ್ ಡಿಯಾಗೊ ಎಂದು ಬರೆದು ಕೆಳಗೆ ಸಣ್ಣಕ್ಷರದಲ್ಲಿ ಕೊಸೊಯ್ ಎಂದೂ ಬರೆದೆ. ಗೂಡು ಒಂದೇ, ಹೆಸರು ಎರಡು.

ಎರಡನೆಯ ದಿನ: ಸಾಂಟಾ ಆನಾ ಹೊಳೆಯವರೆಗೆ

ಸೆರ್ರಾ ಶಿಲುಬೆ ನೆಡುವ ಎರಡು ದಿನ ಮುಂಚೆ, ಜುಲೈ 14ರಂದು, ಗವರ್ನರ್ ಗಾಸ್ಪಾರ್ ದೆ ಪೋರ್ತೊಲಾ ಅರವತ್ತಕ್ಕೂ ಹೆಚ್ಚು ಜನರೊಂದಿಗೆ ಇಲ್ಲಿಂದ ಬಡಗಣಕ್ಕೆ ಹೊರಟಿದ್ದ. ದಪ್ಪ ತೊಗಲಿನ ಅಂಗಿ ತೊಟ್ಟ ಸಿಪಾಯಿಗಳು, ಕೆಳ ಕ್ಯಾಲಿಫೋರ್ನಿಯಾದಿಂದ ಕರೆತಂದ ಮೂಲನಿವಾಸಿ ಕೂಲಿಗಳು, ಹೇರು ಹೊತ್ತ ಹೇಸರಗತ್ತೆಗಳು ಜೊತೆಗಿದ್ದವು. ವಿಸ್ಕೈನೊ ಹೊಗಳಿದ್ದ ಮಾಂಟೆರೆ ಎಂಬ ರೇವನ್ನು ನೆಲದ ಮೇಲಿಂದ ಹುಡುಕಬೇಕಿತ್ತು. ದಂಡಿನಲ್ಲಿ ಒಬ್ಬರಲ್ಲ, ಹಲವರು ದಿನಚರಿ ಬರೆದರು. ಪೋರ್ತೊಲಾ ಬರೆದ, ಮಿಗೆಲ್ ಕೊಸ್ಟಾನ್ಸೊ ಎಂಬ ಎಂಜಿನಿಯರ್ ಬರೆದ. ಎಲ್ಲರಿಗಿಂತ ವಿವರವಾಗಿ ಬರೆದವರು ಪಾದ್ರಿ ಹುವಾನ್ ಕ್ರೆಸ್ಪಿ. ಬೀಡುಬಿಟ್ಟಲ್ಲೆಲ್ಲ ಕ್ರೆಸ್ಪಿ ಒಂದು ಸಂತನ ಹೆಸರಿಡುತ್ತಿದ್ದರು. ಸಿಪಾಯಿಗಳು ಅದೇ ಜಾಗವನ್ನು ಅಂದು ಅಲ್ಲಿ ನಡೆದುದರಿಂದ ಕರೆಯುತ್ತಿದ್ದರು. ಎಷ್ಟೋ ಕಡೆ ಉಳಿದದ್ದು ಸಿಪಾಯಿಗಳ ಹೆಸರು.

ದಾರಿಯಲ್ಲಿ ಡೆಲ್ ಮಾರ್, ಎನ್ಸಿನಿಟಾಸ್. ಕಡಲಿನದು ಎಂದು ಒಂದು, ಪುಟ್ಟ ಓಕ್ ಮರಗಳು ಎಂದು ಇನ್ನೊಂದು. ಸ್ಯಾನ್ ಕ್ಲೆಮೆಂಟೆ ಎಂಬ ಊರನ್ನು ನಾನು ಬಹಳ ಹಳೆಯದೆಂದುಕೊಂಡಿದ್ದೆ. ಬಿಳಿಗೋಡೆ, ಕೆಂಪು ಹೆಂಚು, ಕಮಾನುಗಳು. ಆದರೆ ಅದು 1925ರಲ್ಲಿ ನಿವೇಶನ ಮಾರಲೆಂದೇ ಸ್ಪ್ಯಾನಿಷ್ ಹಳ್ಳಿಯ ವೇಷದಲ್ಲಿ ಕಟ್ಟಿದ ಊರು. ಹೆಸರನ್ನು ಎದುರಿನ ದ್ವೀಪದಿಂದ ತೆಗೆದುಕೊಂಡರು. ಅದೇ ಊರಿನಲ್ಲಿ ಹೆದ್ದಾರಿಯಿಂದ ಇಳಿಯುವ ಒಂದು ರಸ್ತೆಗೆ ಕ್ರಿಸ್ಟಿಯಾನಿಟೋಸ್ ಎಂಬ ಫಲಕವಿದೆ. ‘ಪುಟ್ಟ ಕ್ರೈಸ್ತರು’ ಎಂದು ಅರ್ಥ. ಇದು ವೇಷದ ಹೆಸರಲ್ಲ. 1769ರ ಜುಲೈ 22ರಂದು ಸಮೀಪದ ಕಣಿವೆಯಲ್ಲಿ ಸಾಯುವ ಸ್ಥಿತಿಯಲ್ಲಿದ್ದ ಇಬ್ಬರು ಹೆಣ್ಣುಮಕ್ಕಳಿಗೆ ಪಾದ್ರಿಗಳು ದೀಕ್ಷಾಸ್ನಾನ ಮಾಡಿಸಿದರು. ಆ ತಾಯಂದಿರಿಗೆ ಈ ನೀರಿನ ಅರ್ಥ ಏನೆಂದು ತೋರಿತೋ. ಮಗಳು ಪೆಟ್ರೋಲ್ ಹಾಕಿಸುತ್ತಿದ್ದಳು; ನಾನು ಆ ಫಲಕವನ್ನೇ ನೋಡುತ್ತ ನಿಂತಿದ್ದೆ.

ಸ್ಯಾನ್ ಹುವಾನ್ ಕ್ಯಾಪಿಸ್ಟ್ರಾನೊದಲ್ಲಿ ಕಲ್ಲಿನ ಚರ್ಚಿನ ಅವಶೇಷ ನೋಡಿದೆವು. 1812ರ ಡಿಸೆಂಬರಿನ ಭೂಕಂಪದಲ್ಲಿ ಪೂಜೆಯ ವೇಳೆಯಲ್ಲೇ ಚಾವಣಿ ಕುಸಿದು ಸುಮಾರು 40 ಜನ ಸತ್ತರು. ಈ ನೆಲ ನಡುಗುವ ಸಂಗತಿ ಪೋರ್ತೊಲಾನ ದಂಡಿಗೆ ಮೊದಲೇ ತಿಳಿದಿತ್ತು. ಸಂಜೆ ನಾವು ದಾಟಿದ ಸಾಂಟಾ ಆನಾ ಹೊಳೆಯ ದಡದಲ್ಲಿ ಜುಲೈ 28ರಂದು ಭೂಮಿ ಅದುರಿದಾಗ ಕ್ರೆಸ್ಪಿ ಹೊಳೆಗೆ ‘ಕಂಪನಗಳ ಯೇಸುವಿನ ಅತಿಮಧುರ ನಾಮ’ ಎಂದು ಹೆಸರಿಟ್ಟರು. ಸಿಪಾಯಿಗಳು ಎರಡು ದಿನ ಹಿಂದಿನ ಹಬ್ಬದ ಲೆಕ್ಕದಲ್ಲಿ ಸಾಂಟಾ ಆನಾ ಎಂದರು. ನಾಲಿಗೆಗೆ ಹಗುರವಾದದ್ದು ಉಳಿಯಿತು. ಈಗ ಹೊಳೆ ಕಾಂಕ್ರೀಟ್ ಗೋಡೆಗಳ ನಡುವೆ ಒಂದು ಗೀಟಿನಷ್ಟು ಹರಿಯುತ್ತದೆ.

ಮೂರನೆಯ ದಿನ: ಲಾಸ್ ಏಂಜಲೀಸ್

ಈ ಊರಿನ ಹೆಸರು ದೇವತೆಗಳು ಎಂದಷ್ಟೇ ನನಗೆ ಗೊತ್ತಿತ್ತು. ಹಿಂದಿನ ಭಾಗವನ್ನು ಕಾಲ ಕತ್ತರಿಸಿದೆ ಎಂದು ಗೊತ್ತಿರಲಿಲ್ಲ. 1769ರ ಆಗಸ್ಟ್ 2ರಂದು ದಂಡು ಇಲ್ಲಿಯ ಹೊಳೆಯ ಬಳಿ ತಂಗಿತು. ಇಟಲಿಯ ಅಸಿಸಿಯ ಬಳಿ ಸಂತ ಫ್ರಾನ್ಸಿಸ್ಕನಿಗೆ ಪ್ರಿಯವಾಗಿದ್ದ ಪೋರ್ಸಿಯುಂಕುಲಾ ಎಂಬ ಪುಟ್ಟ ಗುಡಿಯ ಹಬ್ಬ ಆ ದಿನಕ್ಕೆ ಬರುತ್ತದೆ. ಆ ಗುಡಿ ‘ದೇವತೆಗಳ ಮಾತೆ’ಯದು. ಕ್ರೆಸ್ಪಿ ಹೊಳೆಗೆ ಅದೇ ಹೆಸರಿಟ್ಟರು. 1781ರ ಸೆಪ್ಟೆಂಬರ್ 4ರಂದು ಗವರ್ನರ್ ಫೆಲಿಪೆ ದೆ ನೆವೆಯ ಆಜ್ಞೆಯಂತೆ ಊರು ಕಟ್ಟಿದಾಗ ಅದು ಎಲ್ ಪ್ವೆಬ್ಲೊ ದೆ ಲಾ ರೆಯ್ನಾ ದೆ ಲೋಸ್ ಆಂಹೆಲೆಸ್. ಪ್ವೆಬ್ಲೊ ಊರು, ರೆಯ್ನಾ ಅರಸಿ. ದೇವತೆಗಳ ಅರಸಿಯ ಊರು. ನಾನು ಅರಸಿಯ ಕೆರೆಯಿಂದ ಬಂದವನು. ನಮ್ಮೂರಿನ ಹೆಸರಿನಲ್ಲಿ ಅರಸಿ ಮೊದಲಿಗೇ ಇದ್ದುದರಿಂದ ಉಳಿದುಕೊಂಡಳು. ಇಲ್ಲಿ ನಡುವಿನಲ್ಲಿದ್ದವಳು ಮೊಟಕಾದ ಹೆಸರಿನಿಂದ ಜಾರಿಹೋದಳು. ಇಂದಿನ ಕಾರ್ಡಿಗೆ ಬರೆಯಲು ಬೇರೆ ವಾಕ್ಯ ಬೇಕಾಗಲಿಲ್ಲ.

ಒಲ್ವೆರಾ ಬೀದಿಯ ಚೌಕದಲ್ಲಿ ಊರು ಕಟ್ಟಿದ 44 ಜನರ ಹೆಸರು ಬರೆದ ಫಲಕವಿದೆ. 11 ಗಂಡಸರು, 11 ಹೆಂಗಸರು, 22 ಮಕ್ಕಳು. ಅರ್ಧಕ್ಕಿಂತ ಹೆಚ್ಚು ಮಂದಿ ಆಫ್ರಿಕದ ಮೂಲವುಳ್ಳವರು. ಉಳಿದವರಲ್ಲಿ ಮೂಲನಿವಾಸಿಗಳೂ ಮಿಶ್ರ ಕುಲದವರೂ ಬಹಳ. ಸ್ಪೇನಿನವರೆಂದು ಬರೆಸಿಕೊಂಡವರು ಇಬ್ಬರು. ಸ್ಪ್ಯಾನಿಷ್ ಹೆಸರು ಎಂದೊಡನೆ ಸ್ಪೇನಿನ ಜನರನ್ನು ಕಲ್ಪಿಸಿಕೊಂಡಿದ್ದ ನನ್ನ ತಪ್ಪು ಅಲ್ಲಿ ಅರಿವಾಯಿತು.

ಕ್ಯಾಲಿಫೋರ್ನಿಯಾ ಎಂಬ ಹೆಸರಿನೊಳಗೂ ಒಬ್ಬ ಅರಸಿಯಿದ್ದಾಳೆ. 1510ರ ಸುಮಾರಿಗೆ ಅಚ್ಚಾದ ಒಂದು ಸ್ಪ್ಯಾನಿಷ್ ವೀರಕಥೆಯಲ್ಲಿ ಕಪ್ಪು ಮೈಬಣ್ಣದ ಯೋಧೆಯರೇ ವಾಸಿಸುವ, ಚಿನ್ನ ಬಿಟ್ಟರೆ ಬೇರೆ ಲೋಹವೇ ಇಲ್ಲದ ದ್ವೀಪವೊಂದು ಬರುತ್ತದೆ. ಅದರ ಹೆಸರು ಕ್ಯಾಲಿಫೋರ್ನಿಯಾ, ರಾಣಿ ಕಲಾಫಿಯಾ. ಇಂಡೀಸ್‌ನ ಬಲಗಡೆಗೆ, ಭೂಲೋಕದ ಸ್ವರ್ಗಕ್ಕೆ ತೀರ ಹತ್ತಿರ ಆ ದ್ವೀಪವಿದೆಯೆಂದು ಕಥೆ ಹೇಳುತ್ತದೆ. ಕಥೆ ಓದಿದವರು ಕಡಲು ದಾಟಿ ಬಂದು, ಕಂಡ ನೆಲಕ್ಕೆ ಕಥೆಯ ಹೆಸರನ್ನೇ ಕೊಟ್ಟರು.

ನಗರದ ಬೀದಿಗಳ ಹೆಸರನ್ನು ಮಗಳು ಕಾರು ಓಡಿಸುತ್ತ ಓದಿದಳು, ನಾನು ಅರ್ಥ ಹೇಳಿದೆ. ಲಾ ಸಿಯೆನೆಗಾ, ಜೌಗು. ಪಿಕೊ, ಮೆಕ್ಸಿಕೊ ಆಳ್ವಿಕೆಯ ಕೊನೆಯ ಗವರ್ನರ್ ಪಿಯೊ ಪಿಕೊ. ಲಾ ಬ್ರೆಯಾ, ಡಾಂಬರು. ನೆಲದಿಂದ ಡಾಂಬರು ಉಕ್ಕುವ ಗುಂಡಿಗಳನ್ನು ಇಲ್ಲಿ ‘ದಿ ಲಾ ಬ್ರೆಯಾ ಟಾರ್ ಪಿಟ್ಸ್’ ಎನ್ನುತ್ತಾರೆ. ಬ್ರೆಯಾ ಎಂದರೂ ಟಾರ್ ಎಂದರೂ ಡಾಂಬರೇ. ನಾವು ನಟ್ಟನಡುಮಧ್ಯ ಎನ್ನುವುದಿಲ್ಲವೇ? ಒಂದು ಪದದ ಅರ್ಥ ಮಸುಕಾದಾಗ ಜನ ಅದರ ಪಕ್ಕಕ್ಕೆ ಇನ್ನೊಂದನ್ನು ನಿಲ್ಲಿಸುತ್ತಾರೆ.

ಚೌಕದ ಹತ್ತಿರದಲ್ಲೇ ಈ ನೆಲದ ಮೂಲನಿವಾಸಿಗಳಾದ ಟೋಂಗ್ವಾ ಜನರ ಯಾಂಗಾ ಎಂಬ ದೊಡ್ಡ ಹಳ್ಳಿಯಿತ್ತು. ನಮ್ಮ ಕಂದಾಯ ದಾಖಲೆಗಳಲ್ಲಿ ಬೇಚಿರಾಕ್ ಗ್ರಾಮ ಎಂಬುದುಂಟು, ದೀಪ ಹಚ್ಚುವವರಿಲ್ಲದ ಊರು, ಹೆಸರಿದೆ, ಜನರಿಲ್ಲ. ಯಾಂಗಾದ್ದು ಅದಕ್ಕೆ ತಿರುಗುಮುರುಗು. ಟೋಂಗ್ವಾ ಜನ ಈಗಲೂ ಇದೇ ನಗರದಲ್ಲಿದ್ದಾರೆ. ಅವರ ಊರಿನ ಹೆಸರು ಮಾತ್ರ ಯಾವ ಲಕೋಟೆಯ ಮೇಲೂ ಬರುವುದಿಲ್ಲ.

ನಾಲ್ಕನೆಯ ದಿನ: ಸಾಂಟಾ ಬಾರ್ಬರಾ

ಕಡಲ ಮಗ್ಗುಲಿನ ರಸ್ತೆ. ಮಾಲಿಬು, ಮುಗು, ಒಹಾಯ್ ಎಂಬ ಫಲಕಗಳು ಬಂದಾಗ ಸ್ಪ್ಯಾನಿಷ್ ನಿಘಂಟು ಮುಚ್ಚಿಟ್ಟೆ. ಇವು ಈ ಕಡಲತೀರದ ಮೂಲನಿವಾಸಿಗಳಾದ ಚುಮಾಶ್ ಜನರ ಮಾತು. ಅಲೆ ಗಟ್ಟಿಯಾಗಿ ಮೊರೆಯುವ ಜಾಗ ಹುಮಾಲಿವೊ, ಅದೇ ಮಾಲಿಬು ಆಗಿದೆ. ಮುಗು ಎಂದರೆ ಕಡಲತೀರ. ಕನ್ನಡದಲ್ಲಿ ಹೇಳಿಕೊಂಡರೂ ಸಲೀಸಾಗಿ ಹೊರಳುವ ಹೆಸರುಗಳು.

ವೆಂಚುರಾ ಊರಿನ ಪೂರ್ಣ ಹೆಸರು ಇಂದಿಗೂ ಸ್ಯಾನ್ ಬ್ವೆನಾವೆಂಟುರಾ. ದಿನಬಳಕೆಗೆ ಉದ್ದವಾಯಿತೆಂದು ಮೊಟಕಾಯಿತು. ಅಂಚೆಯವನಾಗಿ ನನಗೆ ಇದು ಅರ್ಥವಾಗುತ್ತದೆ. ಉದ್ದದ ಹೆಸರು ಮುದ್ರೆಯ ಬಳೆಯೊಳಗೆ ಹಿಡಿಸುವುದಿಲ್ಲ. ಆದರೂ ಮನಸ್ಸು ನೊಂದಿತು.

ಕಾರ್ಪಿಂಟೆರಿಯಾದಲ್ಲಿ ನಮ್ಮ ಬುತ್ತಿ ಬಿಚ್ಚಿದೆವು, ಅವಲಕ್ಕಿ ಮತ್ತು ಮೊಸರು. 1769ರ ಆಗಸ್ಟ್ 17ರಂದು ದಂಡು ಇಲ್ಲಿಗೆ ಬಂದಾಗ ಚುಮಾಶ್ ಜನ ಹಲಗೆ ಜೋಡಿಸಿ ದೋಣಿ ಕಟ್ಟುತ್ತಿದ್ದರು. ಟೊಮೊಲ್ ಎಂದು ಆ ದೋಣಿಯ ಹೆಸರು. ಹಲಗೆಗಳನ್ನು ನಾರಿನಿಂದ ಹೊಲಿದು, ಸಂದಿಗೆ ಡಾಂಬರು ತುಂಬುತ್ತಿದ್ದರು. ಕ್ರೆಸ್ಪಿ ಹಳ್ಳಿಗೆ ಸ್ಯಾನ್ ರೋಕೆ ಎಂದರು. ಸಿಪಾಯಿಗಳು ಲಾ ಕಾರ್ಪಿಂತೆರಿಯಾ, ಬಡಗಿಯ ಕೊಟ್ಟಿಗೆ, ಎಂದರು. ಊರಿನ ಜನರ ಹಳ್ಳಿಯ ಹೆಸರು ಹೋದರೂ ಅವರ ಕೈಯ ಕೆಲಸ ಹೆಸರಾಗಿ ಉಳಿದಿದೆ. ಈ ದಾರಿಯಲ್ಲಿ ನನಗೆ ಎಲ್ಲಕ್ಕಿಂತ ಹಿಡಿಸಿದ ಹೆಸರು ಇದು.

ಸಾಂಟಾ ಬಾರ್ಬರಾದಲ್ಲಿ ರಾತ್ರಿ ತಂಗಬೇಕಿತ್ತು. ಮೊದಲೇ ಕಾಯ್ದಿರಿಸಿದ್ದ ಹೋಟೆಲಿನವರು ನಮ್ಮ ಹೆಸರೇ ಪಟ್ಟಿಯಲ್ಲಿಲ್ಲ ಎಂದರು. ಬೇರೆ ಕೋಣೆ ಹುಡುಕುತ್ತ ಬೀದಿ ಬೀದಿ ಅಲೆಯುವಾಗ ಕ್ಯಾನ್ಯನ್ ಪೆರ್ಡಿಡೊ ಎಂಬ ಬೀದಿ ಸಿಕ್ಕಿತು. ‘ಕಳೆದುಹೋದ ಫಿರಂಗಿ’. ಇಂಥ ಹೆಸರನ್ನು ಬಿಟ್ಟು ಮುಂದೆ ಹೋಗುವುದು ಹೇಗೆ? ಅಲ್ಲಿಯೇ ಗೋಡೆಗೆ ಒರಗಿ ಮಗಳಿಗೆ ಕಥೆ ಹೇಳಿದೆ.

1848. ಅಮೆರಿಕವು ಮೆಕ್ಸಿಕೊವನ್ನು ಸೋಲಿಸಿ, ಫೆಬ್ರವರಿ 2ರ ಗ್ವಾಡಲುಪೆ ಇಡಾಲ್ಗೊ ಒಪ್ಪಂದದಿಂದ ಈ ನಾಡನ್ನು ತನ್ನದಾಗಿಸಿಕೊಂಡ ವರ್ಷ. ಇಲ್ಲಿಯ ಕಡಲತೀರದಲ್ಲಿ ಬಿದ್ದಿದ್ದ ಫಿರಂಗಿಯೊಂದು ಒಂದು ರಾತ್ರಿ ಮಾಯವಾಯಿತು. ಊರಿನವರು ದಂಗೆಗೆ ಹೂಡಿದ್ದಾರೆಂದು ಶಂಕಿಸಿದ ಸೇನಾ ಗವರ್ನರ್ ಮೇಸನ್ ಇಡೀ ಊರಿಗೆ 500 ಡಾಲರ್ ದಂಡ ಹಾಕಿದ. ಆ ಅವಮಾನವನ್ನು ಊರು ಮರೆಯಲಿಲ್ಲ. ಮುಂದೆ ಬೀದಿಗಳನ್ನು ಅಳೆದು ಹೆಸರಿಡುವಾಗ ಒಂದಕ್ಕೆ ಕಳೆದುಹೋದ ಫಿರಂಗಿ, ಒಂದಕ್ಕೆ ಕಿನಿಯೆಂಟೋಸ್ ಎಂದರೆ ಐನೂರು, ಮತ್ತೊಂದಕ್ಕೆ ಮೇಸನ್ ಎಂದಿಟ್ಟರು. ಮೂರು ಬೀದಿಗಳನ್ನು ಸೇರಿಸಿ ಓದಿದರೆ ಒಂದು ದೂರು ಅರ್ಜಿ. ಸೋತ ಜನ ಕಾಗದದಲ್ಲಿ ಬರೆದದ್ದು ಎಲ್ಲಿ ಹೋಯಿತೋ, ಬೀದಿಯ ಕಂಬದ ಮೇಲೆ ಬರೆದದ್ದು ಉಳಿದಿದೆ. ಸಾಲ್ಸಿಪ್ವೆದೆಸ್ ಎಂಬ ಬೀದಿಯೂ ಇಲ್ಲಿದೆ, ‘ಸಾಧ್ಯವಿದ್ದರೆ ಹೊರಗೆ ಬಾ’ ಎಂದು ಅರ್ಥ.

“ಅಪ್ಪ, ಕೋಣೆ ಹುಡುಕೋಣ, ಕತ್ತಲಾಯಿತು” ಎಂದಳು ಮಗಳು. ಒಂಬತ್ತು ಗಂಟೆಗೆ ಸಣ್ಣ ಕೋಣೆ ಸಿಕ್ಕಿತು. ಫಿರಂಗಿ ಹತ್ತು ವರ್ಷಗಳ ಮೇಲೆ ಮರಳಿನಲ್ಲಿ ಸಿಕ್ಕಿತೆಂಬುದನ್ನು ಮಲಗುವ ಮುನ್ನ ಹೇಳಿದೆ.

ಐದನೆಯ ದಿನ: ಕರಡಿಗಳ ಕಣಿವೆ

ದಟ್ಟ ಮಂಜು. ಗವಿಯೋಟಾ ಬಳಿ ರಸ್ತೆ ಕಡಲನ್ನು ಬಿಟ್ಟು ಬೆಟ್ಟದೊಳಕ್ಕೆ ತಿರುಗುತ್ತದೆ. ಆಗಸ್ಟ್ 24ರಂದು ಕ್ರೆಸ್ಪಿ ಈ ಜಾಗಕ್ಕೆ ಫ್ರಾನ್ಸಿನ ಸಂತ ದೊರೆ ಲೂಯಿಯ ಹೆಸರಿಟ್ಟರು. ಸಿಪಾಯಿಗಳು ಇಲ್ಲಿ ಒಂದು ಕಡಲಕ್ಕಿಯನ್ನು ಕೊಂದರು. ಗವಿಯೋಟಾ ಎಂದರೆ ಕಡಲಕ್ಕಿ. ದೊರೆಯ ಎದುರು ಹಕ್ಕಿ ಗೆದ್ದಿತು.

ನಿಪೋಮೊ, ಪಿಸ್ಮೊ ಮತ್ತೆ ಚುಮಾಶ್ ಹೆಸರುಗಳು. ಪಿಸ್ಮೊ ಎಂದರೂ ಡಾಂಬರೇ, ಅವರ ದೋಣಿಗೆ ಬೇಕಾದದ್ದು. ಮುಂದೆ ಲೋಸ್ ಓಸೋಸ್, ಕರಡಿಗಳು. ಸೆಪ್ಟೆಂಬರ್ ಮೊದಲ ವಾರದಲ್ಲಿ ದಂಡು ಈ ಕಣಿವೆಯಲ್ಲಿ ಗುಂಪು ಗುಂಪಾಗಿ ನೆಲ ಅಗೆಯುತ್ತಿದ್ದ ಕರಡಿಗಳನ್ನು ಕಂಡಿತು. ಮೂರು ವರ್ಷ ಕಳೆದು, 1772ರಲ್ಲಿ, ಮಿಷನ್‌ಗಳಲ್ಲಿ ದವಸ ಮುಗಿದಾಗ ಪೆಡ್ರೊ ಫಾಗೆಸ್ ಎಂಬ ದಳಪತಿ ಇಲ್ಲಿಗೇ ಬಂದು ಬೇಟೆಯಾಡಿ ಕರಡಿ ಮಾಂಸವನ್ನು ಹೇಸರಗತ್ತೆಗಳ ಮೇಲೆ ಹೇರಿ ಕಳಿಸಿದ. ಅದೇ ಸೆಪ್ಟೆಂಬರಿನಲ್ಲಿ ಸ್ಯಾನ್ ಲೂಯಿಸ್ ಒಬಿಸ್ಪೊ ಮಿಷನ್ ಆರಂಭವಾಯಿತು. ಒಬಿಸ್ಪೊ ಎಂದರೆ ಬಿಷಪ್. ಇವನು ಟೂಲೂಸ್ ನಗರದ ಬಿಷಪ್ ಲೂಯಿ, ದೊರೆಯಲ್ಲ. ಒಂದೇ ಹೆಸರಿನ ಇಬ್ಬರು ಸಂತರನ್ನು ಬಿಡಿಸಿ ಹೇಳುವ ಗುರುತು ಅದು. ಹೊಸಹಳ್ಳಿ ಎಂದು ಮಾತ್ರ ಬರೆದ ಕಾಗದ ಬಂದರೆ ನಾವು ತಾಲ್ಲೂಕಿನ ಹೆಸರಿಗಾಗಿ ತಡಕಾಡುತ್ತಿದ್ದೆವಲ್ಲ, ಅದರಂತೆ.

ಕರಡಿ ಈಗ ಕ್ಯಾಲಿಫೋರ್ನಿಯಾದ ಬಾವುಟದ ಮೇಲಿದೆ. ಆ ತಳಿಯ ಗ್ರಿಜ್ಲಿ ಕರಡಿಗಳು 1920ರ ದಶಕದಲ್ಲಿ ಇಲ್ಲಿಂದ ಅಳಿದವು.

ಆರನೆಯ ದಿನ: ಸೊಲೆಡಾಡ್, ಮಾಂಟೆರೆ

ಅಟಾಸ್ಕಡೆರೊ ಎಂದರೆ ಹೂತುಕೊಳ್ಳುವ ಕೆಸರು. ಪಾಸೊ ರೋಬ್ಲೆಸ್ ಎಂದರೆ ಓಕ್ ಮರಗಳ ಕಣಿವೆದಾರಿ. ಇವುಗಳನ್ನು ನಿಲ್ಲದೆ ದಾಟಿ ಸಲಿನಾಸ್ ಕಣಿವೆಗೆ ಇಳಿದೆವು. ಹತ್ತಾರು ಮೈಲು ಲೆಟ್ಯೂಸ್ ಹೊಲಗಳು, ಬಾಗಿ ಕೊಯ್ಯುವ ಕೂಲಿಯವರು, ನಿಲ್ಲದೆ ಬೀಸುವ ಗಾಳಿ.

ಈ ಗಾಳಿಯ ನಡುವೆ ಸೊಲೆಡಾಡ್. ಒಂಟಿತನ. ಪೋರ್ತೊಲಾನ ದಂಡಿನವರು ಇಲ್ಲಿ ಸಿಕ್ಕ ಒಬ್ಬ ಮೂಲನಿವಾಸಿಯನ್ನು ಏನೋ ಕೇಳಿದಾಗ ಅವನು ತನ್ನ ಭಾಷೆಯಲ್ಲಿ ಹೇಳಿದ ಮಾತು ಅವರ ಕಿವಿಗೆ ‘ಸೊಲೆಡಾಡ್’ ಎಂದು ಕೇಳಿಸಿತಂತೆ. 1791ರಲ್ಲಿ ಕಟ್ಟಿದ ಮಿಷನ್‌ಗೆ ‘ಒಂಟಿತನದ ಮಾತೆ’ ಎಂದೇ ಹೆಸರಿಟ್ಟರು. ಅವನು ಹೇಳಿದ ಮಾತಿನ ನಿಜವಾದ ಅರ್ಥ ಅವನೊಂದಿಗೇ ಹೋಯಿತು. ಮಣ್ಣಿನ ಗೋಡೆಗಳ ಅವಶೇಷದ ಎದುರು ಮಗಳು ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ, “ನಾನು ಬಂದ ಮೊದಲ ವರ್ಷ ನಿಮ್ಮ ಕಾಗದ ಬಂದರೆ ಒಡೆಯದೆ ಎರಡು ದಿನ ಇಟ್ಟುಕೊಳ್ಳುತ್ತಿದ್ದೆ ಅಪ್ಪ, ಒಡೆದರೆ ಮುಗಿದುಹೋಗುತ್ತದೆ ಎಂದು” ಎಂದಳು. ಇಷ್ಟು ವರ್ಷ ಇದನ್ನು ಹೇಳಿರಲಿಲ್ಲ. ನಾನು ಅವಳ ಕೈ ಹಿಡಿದು ಕಾರಿನವರೆಗೆ ನಡೆದೆ.

ಮಾಂಟೆರೆಯ ಹೆಸರು ಸಂತನದಲ್ಲ, ವೈಸ್‌ರಾಯ್‌ನದು. 1602ರ ಡಿಸೆಂಬರ್ 16ರಂದು ವಿಸ್ಕೈನೊ ತನ್ನನ್ನು ಕಳಿಸಿದ ಮೊಂಟೆರ್ರೆಯ ಕೌಂಟ್‌ನ ಹೆಸರಿಟ್ಟ. ಇದು ಗಾಳಿ ತಾಗದ ಅತ್ಯುತ್ತಮ ರೇವು ಎಂದು ವರದಿ ಬರೆದ. ಪೋರ್ತೊಲಾನ ದಂಡು 1769ರ ಅಕ್ಟೋಬರಿನಲ್ಲಿ ಇದೇ ಕೊಲ್ಲಿಯ ಮರಳಿನ ಮೇಲೆ ನಿಂತು ಸುತ್ತ ನೋಡಿತು. ಅಗಲವಾಗಿ ಬಾಯಿ ತೆರೆದ ಈ ಕಡಲು ಆ ವರ್ಣನೆಯ ರೇವಿರಲಾರದು ಎಂದು ಮುಂದಕ್ಕೆ ನಡೆಯಿತು. ಹೊಗಳಿಕೆ ಅತಿಯಾದರೆ ವಿಳಾಸ ಸಿಗುವುದಿಲ್ಲ. ದಡದಲ್ಲಿ ನಿಂತು ನಾನೂ ನೋಡಿದೆ. ಅವರ ಜಾಗದಲ್ಲಿದ್ದರೆ ನಾನೂ ಆ ಕಾಗದವನ್ನು ಈ ಗೂಡಿಗೆ ಹಾಕುತ್ತಿರಲಿಲ್ಲ.

ಸಂಜೆ ಕಾರ್ಮೆಲ್ ಮಿಷನ್‌ನಲ್ಲಿ ಸೆರ್ರಾರ ಸಮಾಧಿ ನೋಡಿದೆವು. 1784ರಲ್ಲಿ ತೀರಿಕೊಂಡ ಅವರನ್ನು 2015ರಲ್ಲಿ ಪೋಪ್ ಫ್ರಾನ್ಸಿಸ್ ಸಂತರೆಂದು ಘೋಷಿಸಿದರು. ಹಲವು ಮೂಲನಿವಾಸಿ ಕುಲಗಳು ಅದನ್ನು ವಿರೋಧಿಸಿದವು. ಮಿಷನ್‌ಗೆ ಸೇರಿದವರು ತಮ್ಮ ಇಷ್ಟದಂತೆ ಹೊರಗೆ ಹೋಗುವಂತಿರಲಿಲ್ಲ. ಓಡಿಹೋದರೆ ಹಿಡಿದು ತಂದು ಚಾಟಿಯಿಂದ ಹೊಡೆಯುತ್ತಿದ್ದರು. ರೋಗಗಳಿಂದ ಸತ್ತವರಿಗೆ ಲೆಕ್ಕವಿಲ್ಲ. ಮೊದಲ ದಿನ ಪಂಚಾಂಗದ ಹೆಸರುಗಳನ್ನು ಓದಿ ಹಿಗ್ಗಿದ್ದ ನನಗೆ ಆ ಅಂಗಳದಲ್ಲಿ ಆ ಹಿಗ್ಗು ಉಳಿಯಲಿಲ್ಲ. ಹೆದ್ದಾರಿಯುದ್ದಕ್ಕೂ ‘ಎಲ್ ಕಮಿನೊ ರೆಯಾಲ್’, ಮಿಷನ್‌ಗಳನ್ನು ಜೋಡಿಸಿದ ರಾಜಮಾರ್ಗ, ಎಂದು ತಿಳಿಸುವ ಗಂಟೆಗಳನ್ನು ಬಾಗಿದ ಕಂಬಗಳಿಗೆ ತೂಗಿಸಿದ್ದಾರೆ. ಅವು 1906ರಿಂದ ಈಚಿನವು. ಅಮಾ ಮುತ್ಸುನ್ ಎಂಬ ಮೂಲನಿವಾಸಿ ಜನರ ಕೋರಿಕೆಯ ಮೇರೆಗೆ 2019ರಲ್ಲಿ ಸಾಂಟಾ ಕ್ರೂಸ್ ವಿಶ್ವವಿದ್ಯಾಲಯದ ಆವರಣದ ಗಂಟೆಯನ್ನು ಇಳಿಸಿದರು. ಇಳಿಸಿದ್ದು ಸರಿಯೆಂದೇ ನನ್ನ ಎಣಿಕೆ.

ಏಳನೆಯ ದಿನ: ಪಾಹರೊ

ಇಂಗ್ಲಿಷ್ ಫಲಕದಲ್ಲಿ ಓದಿದಂತೆ ನಾನು ‘ಪಜಾರೊ’ ಎಂದೆ. ರಸ್ತೆ ಬದಿಯಲ್ಲಿ ಸ್ಟ್ರಾಬೆರಿ ಮಾರುತ್ತಿದ್ದ ಹೆಂಗಸು ನಕ್ಕು “ಪಾಹರೊ” ಎಂದು ಎರಡು ಸಲ ಹೇಳಿಕೊಟ್ಟಳು. ಪಾಹರೊ ಎಂದರೆ ಹಕ್ಕಿ. 1769ರ ಅಕ್ಟೋಬರ್ 8ರಂದು ಈ ಹೊಳೆಯ ದಡದ ಹಳ್ಳಿಯವರು ದಂಡು ಬರುವುದನ್ನು ಕಂಡು ಓಡಿಹೋಗಿದ್ದರು. ಅಲ್ಲಿ ಒಣಹುಲ್ಲು ತುಂಬಿದ ದೊಡ್ಡ ಹಕ್ಕಿಯೊಂದಿತ್ತು. ರೆಕ್ಕೆಯ ತುದಿಯಿಂದ ತುದಿಗೆ ಹನ್ನೊಂದು ಗೇಣು. ಕ್ರೆಸ್ಪಿಯ ಹೆಸರು ಸಾಂಟಾ ಆನಾ, ಸಿಪಾಯಿಗಳ ಹೆಸರು ಹಕ್ಕಿಯ ಹೊಳೆ. ಆ ಹಕ್ಕಿ ಯಾವ ಪೂಜೆಗೆಂದು ಇತ್ತೋ, ಯಾರ ಅಗಲಿಕೆಗೆಂದು ಇತ್ತೋ ಬಂದವರು ಕೇಳಿ ತಿಳಿಯಲಿಲ್ಲ. ಬರೆದುಕೊಂಡು ಮುಂದೆ ಹೋದರು.

ಆ ಹೆಂಗಸು ಮೆಕ್ಸಿಕೊದ ಓಹಾಕಾದವಳು. ಮನೆಮಾತು ಸ್ಪ್ಯಾನಿಷ್ ಅಲ್ಲ, ಮಿಶ್ಟೆಕ್. ಸ್ಪ್ಯಾನಿಷನ್ನು ಆಮೇಲೆ ಕಲಿತದ್ದಂತೆ. ಮಗಳು ತನಗೆ ಬರುವ ಅಲ್ಪ ಸ್ಪ್ಯಾನಿಷಿನಲ್ಲಿ ಮಾತಾಡಿಸಿದಳು. 2023ರ ಮಾರ್ಚಿನಲ್ಲಿ ಇದೇ ಹೊಳೆಯ ಏರಿ ಒಡೆದು, ಹೊಲದ ಕೂಲಿಗಳು ವಾಸಿಸುವ ಪಾಹರೊ ಊರು ಮುಳುಗಿತ್ತು. ಅವಳ ಮನೆಯೊಳಗೂ ನೀರು ನುಗ್ಗಿತ್ತು. ಗೋಡೆಯಲ್ಲಿ ನೀರು ನಿಂತ ಎತ್ತರವನ್ನು ತನ್ನ ಎದೆಯ ಮೇಲೆ ಕೈಯಿಟ್ಟು ತೋರಿಸಿದಳು. ಈ ಹೆಸರುಗಳನ್ನು ಇಂದು ಸರಿಯಾಗಿ ಉಚ್ಚರಿಸುವವರು ಇಂಥವರು. ಲಾಸ್ ಏಂಜಲೀಸಿನವರು ಸ್ಯಾನ್ ಪೆಡ್ರೊವನ್ನು ‘ಪೀಡ್ರೊ’ ಎನ್ನುವುದನ್ನು ಕೇಳಿದ ಕಿವಿಗೆ ಅವಳ ‘ಪಾಹರೊ’ ತಂಪೆನಿಸಿತು. ಮೂರು ಬುಟ್ಟಿ ಹಣ್ಣು ಕೊಂಡೆವು.

ಇಲ್ಲಿಂದ ಎರಡು ದಿನದ ನಡಿಗೆಯಲ್ಲಿ ದಂಡಿನವರು ತಾವು ಹಿಂದೆಂದೂ ಕಾಣದ ಮಹಾವೃಕ್ಷಗಳನ್ನು ಕಂಡರು. ಹೆಸರು ತಿಳಿಯದೆ ಪಾಲೊ ಕೊಲೊರಾಡೊ, ಕೆಂಪು ಮರ, ಎಂದರು. ಇಂಗ್ಲಿಷಿನವರ ರೆಡ್‌ವುಡ್ ಅದೇ ಮರ. ಸಾಂಟಾ ಕ್ರೂಸ್ ಬಳಿಯ ಅಂಥದೊಂದು ತೋಪಿನಲ್ಲಿ ಮಧ್ಯಾಹ್ನ ಕಳೆದೆವು.

ಎಂಟನೆಯ ದಿನ: ಪಾಲೊ ಆಲ್ಟೊ, ಮನೆ

ಮಗಳ ಕಚೇರಿಯ ಗೆಳತಿಯರಲ್ಲಿ ಎಷ್ಟೋ ಜನ ಪಾಲೊ ಆಲ್ಟೊದಲ್ಲಿ ದುಡಿಯುತ್ತಾರೆ. ಪಾಲೊ ಆಲ್ಟೊ ಎಂದರೆ ಎತ್ತರದ ಮರ. ಆ ಮರ ಇನ್ನೂ ಬದುಕಿದೆಯೆಂದು ಹೇಳಿದಾಗ ಮಗಳು ನಂಬಲಿಲ್ಲ. ಸ್ಯಾನ್ ಫ್ರಾನ್ಸಿಸ್ಕಿಟೊ ಹಳ್ಳದ ದಡದಲ್ಲಿ, ರೈಲು ಸೇತುವೆಗೆ ತಾಗಿದಂತೆ ಅದು ನಿಂತಿದೆ. ಸಾವಿರ ವರ್ಷ ದಾಟಿದ ರೆಡ್‌ವುಡ್. ಜೋಡಿ ಕಾಂಡಗಳಲ್ಲಿ ಒಂದು 19ನೆಯ ಶತಮಾನದ ಕೊನೆಯಲ್ಲಿ ಬಿದ್ದುಹೋಯಿತು. ಉಗಿ ಎಂಜಿನ್‌ಗಳ ಕಾಲದಲ್ಲಿ ಹೊಗೆಯ ಮಸಿ ಕುಡಿದು ಸೊರಗಿತ್ತಂತೆ. ನಾವು ನಿಂತಿದ್ದಾಗಲೇ ಒಂದು ರೈಲು ಹಾದುಹೋಯಿತು. ಕಾಲಡಿಯ ನೆಲ ನನಗೆ ಪರಿಚಿತವಾದ ಬಗೆಯಲ್ಲಿ ನಡುಗಿತು.

1769ರ ನವೆಂಬರ್ 6ರಿಂದ 11ರವರೆಗೆ ಪೋರ್ತೊಲಾ ಈ ಮರದಡಿ ಬೀಡುಬಿಟ್ಟಿದ್ದನೆಂದು ಅಲ್ಲಿಯ ಫಲಕ ಹೇಳುತ್ತದೆ. ಮಾಂಟೆರೆ ಸಿಗದೆ, ಅದಕ್ಕಿಂತ ಎಷ್ಟೋ ದೊಡ್ಡದಾದ ಸ್ಯಾನ್ ಫ್ರಾನ್ಸಿಸ್ಕೊ ಕೊಲ್ಲಿಯನ್ನು ಕಂಡೂ, ಹುಡುಕಿದ್ದು ಇದಲ್ಲವೆಂದು ಅವರು ಇಲ್ಲಿಂದಲೇ ಹಿಂತಿರುಗಿದರು. ದಾರಿಯಲ್ಲಿ ಆಹಾರ ಮುಗಿದು ಹೇಸರಗತ್ತೆಗಳನ್ನು ಕೊಂದು ತಿಂದರು. 1770ರ ಜನವರಿ 24ಕ್ಕೆ ಸ್ಯಾನ್ ಡಿಯಾಗೊ ಮುಟ್ಟಿದರು.

ಮನೆಯ ದಾರಿಯಲ್ಲಿ ಲೋಸ್ ಆಲ್ಟೋಸ್ ದಾಟಿದೆವು, ಎತ್ತರದ ಜಾಗಗಳು. ಕನ್ನಡದವರು ಬಹಳ ಮಂದಿಯಿರುವ ಮಿಲ್ಪಿಟಾಸ್ ಆಚೆಗಿದೆ. ಮಿಲ್ಪಾ ಎಂಬುದು ಮೆಕ್ಸಿಕೊದ ನಾವಾಟ್ಲ್ ಭಾಷೆಯಲ್ಲಿ ಮೆಕ್ಕೆಜೋಳದ ಹೊಲ, ಅದಕ್ಕೆ ಸ್ಪ್ಯಾನಿಷ್ ಬಾಲ ಸೇರಿ ‘ಪುಟ್ಟ ಹೊಲಗಳು’.

ಇನ್ನು ನನ್ನ ಲಕೋಟೆಯ ಹೆಸರು. 1776ರ ಮಾರ್ಚಿನಲ್ಲಿ ಹುವಾನ್ ಬಾಟಿಸ್ಟಾ ದೆ ಆನ್ಸಾನ ದಂಡು ಸ್ಯಾನ್ ಫ್ರಾನ್ಸಿಸ್ಕೊಗೆ ಜಾಗ ಹುಡುಕಿಕೊಂಡು ಹೋಗುವಾಗ ಒಂದು ಹಳ್ಳದ ಬಳಿ ತಂಗಿತು. ಜೊತೆಗಿದ್ದ ಪಾದ್ರಿ ಪೆಡ್ರೊ ಫಾಂಟ್ ಹಳ್ಳಕ್ಕೆ ಕುಪರ್ಟಿನೊದ ಸಂತ ಜೋಸೆಫನ ಹೆಸರಿಟ್ಟರು. ಇಟಲಿಯ ತೆಂಕಣ ಮೂಲೆಯ ಕೊಪರ್ಟಿನೊ ಎಂಬ ಊರಿನಲ್ಲಿ 1603ರಲ್ಲಿ ಹುಟ್ಟಿದ ಬಡ ಸನ್ಯಾಸಿ ಅವನು. ಓದಿನಲ್ಲಿ ಹಿಂದೆ, ಧ್ಯಾನದಲ್ಲಿ ಮೈಮರೆತು ನೆಲ ಬಿಟ್ಟು ಮೇಲೇಳುತ್ತಿದ್ದನೆಂದು ನಂಬಿಕೆ. ವಿಮಾನ ಹಾರಿಸುವವರೂ ಪರೀಕ್ಷೆಗೆ ಕೂರುವ ಮಕ್ಕಳೂ ಇಂದಿಗೂ ಅವನಿಗೆ ಹರಕೆ ಹೊರುತ್ತಾರೆ. ಮುಂದೆ ಆ ಹಳ್ಳದ ಬಳಿ ಎಲಿಶಾ ಸ್ಟೀಫನ್ಸ್ ಎಂಬವನು ಜಮೀನು ಮಾಡಿದ. ಸಂತನ ಹೆಸರು ಹಳ್ಳದಿಂದ ಜಾರಿ ಊರಿಗೆ ಅಂಟಿಕೊಂಡಿತು. ಹಳ್ಳ ಸ್ಟೀವನ್ಸ್ ಕ್ರೀಕ್ ಆಯಿತು, ಅದೂ ಅಕ್ಷರ ತಪ್ಪಾಗಿ. ತರಕಾರಿ ತರಲು ದಿನವೂ ಹೋಗುವ ಬೀದಿಯ ಹೆಸರೂ ಅದೇ ಎಂದು ಮಗಳು ಕಣ್ಣರಳಿಸಿದಳು.

ಮನೆಯಲ್ಲಿ ಮೊಮ್ಮಗ ಗಣಿತದ ಪುಸ್ತಕ ಹರಡಿಕೊಂಡು ಕೂತಿದ್ದ. ನಾಳೆ ಪರೀಕ್ಷೆಯಂತೆ. “ನಿನ್ನ ಊರಿನ ಹೆಸರಿನಲ್ಲಿ ಪರೀಕ್ಷೆಯ ಮಕ್ಕಳನ್ನು ಕಾಯುವವನೊಬ್ಬನಿದ್ದಾನೆ ಕಂದ” ಎಂದು ಕಥೆ ಹೇಳಿದೆ. “ನಿಜವಾಗಿಯೂ ಹಾರುತ್ತಿದ್ದನಾ ತಾತ?” ಎಂದು ಕೇಳಿ, ಪೆನ್ಸಿಲ್ ಕೆಳಗಿಟ್ಟು, ಚಾವಣಿಯನ್ನು ನೋಡಿದ.

ಎಂಟನೆಯ ಕಾರ್ಡಿಗೆ ಚಿತ್ರ ಸಿಗಲಿಲ್ಲ. ಬಿಳಿ ಕಾರ್ಡಿನ ಮೇಲೆ ಅರಸೀಕೆರೆಯ ವಿಳಾಸ ಬರೆದು, ಕಳಿಸುವವರ ಜಾಗದಲ್ಲಿ ಕ್ಯುಪರ್ಟಿನೊ ಎಂದು ಕನ್ನಡದಲ್ಲಿ ಬರೆದೆ. ಈ ಸಲ ಪೆನ್ನು ತಡೆಯಲಿಲ್ಲ. ಬೀದಿಯ ತಿರುವಿನ ನೀಲಿ ಡಬ್ಬಿಯಲ್ಲಿ ಐದು ಗಂಟೆಗೆ ಅಂಚೆ ತೆಗೆಯುತ್ತಾರೆ. ಐದಕ್ಕೆ ಹತ್ತು ನಿಮಿಷವಿರುವಾಗ ಹೋಗಿ ಹಾಕಿ, ಕಾರ್ಡು ತಳಕ್ಕೆ ಬಿದ್ದ ಸದ್ದು ಕೇಳಿಸಿಕೊಂಡು ಬಂದೆ.